ಕೆಂಪು ಹೆಬ್ಬೆರಳು

ಅಕ್ಟೋಬರದ ಬೆಳಗು. ಕಂಬ್ರಿಯಾದ ಗುಡ್ಡದಿಂದ
ಕುರಿಗಳನ್ನಿಳಿಸಿ ಕಲ್ಲುಗೋಡೆಯ ದೊಡ್ಡಿಗೆ ತುಂಬಿದ್ದಾಳೆ
ಮಾರ್ಜರಿ ರೆಲ್ಫ್. ಎಪ್ಪತ್ತೊಂದು ವಯಸ್ಸು,
ಸೊಂಟಕ್ಕೆ ಹುರಿಹಗ್ಗ, ಜೇಬಿನಲ್ಲಿ ಕೆಂಪು ಬಣ್ಣದ ಭರಣಿ.
ಒಂದೊಂದನ್ನೇ ಮಂಡಿಗಳ ನಡುವೆ ಸಿಕ್ಕಿಸಿ
ತುಟಿ ಸರಿಸಿ ಹಲ್ಲು ನೋಡುತ್ತಾಳೆ,
ಕೆಚ್ಚಲು ಒತ್ತಿ ಗಂಟು ಹುಡುಕುತ್ತಾಳೆ.
ಹಲ್ಲುದುರಿದ ಕುರಿಗೆ ಚಳಿಗಾಲದ ಹುಲ್ಲು ದಕ್ಕುವುದಿಲ್ಲ;
ಅಂಥದರ ನೆತ್ತಿಗೆ ಹೆಬ್ಬೆರಳಿನಿಂದ ಒಂದು ಬೊಟ್ಟು.
ಆ ಕೆಲಸಕ್ಕೆ ಅಲ್ಲಿ ಒಂದೇ ಉಸಿರಿನ ಹೆಸರು:
ಕಲ್.

ನಮ್ಮ ಕಿವಿಗೆ ಬರೀ ಕಲ್ಲು.
ಆದರೆ ಒಂದು ಕಾಲಕ್ಕೆ ಈ ಪದ
ಹೂಬುಟ್ಟಿ ಹಿಡಿದು ಓಡಾಡಿಕೊಂಡಿತ್ತು.
ಲ್ಯಾಟಿನ್ನಿನಲ್ಲಿ ಕೊಲ್ಲಿಗೆರೆ. ಹೆದರಬೇಡಿ,
ಕೊಲ್ಲುವುದಲ್ಲ, ಕೂಡಿಸುವುದು.
ಫ್ರೆಂಚರ ಬಾಯಲ್ಲಿ ಸವೆದು ಕುಯಿಯೀರ್,
ನಮ್ಮ ಕುಯ್ಲಿನ ದೂರದ ತಂಗಿಯ ಹಾಗೆ;
ನಂಟಿಲ್ಲ, ಸದ್ದು ಮಾಡಿದ ಮೋಸ ಅಷ್ಟೆ.

ಮಾರ್ಜರಿಯ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ. ಅದರಲ್ಲಿ
ಮುತ್ತಜ್ಜಿ ಹೆಪ್ಸಿಬಾ ತಂಗಿಗೆ ಬರೆದು ಅಂಚೆಗೆ ಹಾಕದ ಕಾಗದ:
ಹಳ್ಳದ ದಡದಲ್ಲಿ ಪ್ರಿಮ್‌ರೋಸ್ ಕಲ್ ಮಾಡಿದೆ,
ಮಡಿಲ ತುಂಬ, ಬೆರಳು ಮರಗಟ್ಟುವ ತನಕ.
ಆಗ ಕಲ್ ಎಂದರೆ
ಚೆಂದದ್ದನ್ನು ಎತ್ತಿಕೊಳ್ಳುವುದು.
ಮಿಕ್ಕದ್ದು ಗಿಡದಲ್ಲೇ ಇರಲಿ, ಬದುಕಿಕೊಳ್ಳಲಿ.

ಪದ ಎಲ್ಲಿ ಮಗ್ಗುಲು ಬದಲಿಸಿತು?
ಬಹುಶಃ ಇಂಥದ್ದೇ ದೊಡ್ಡಿಯಲ್ಲಿ, ಇಳಿಹೊತ್ತು,
ದಣಿದವನೊಬ್ಬನಿಗೆ ಒಳ್ಳೆಯ ತೊಂಬತ್ತನ್ನು ಆರಿಸುವುದಕ್ಕಿಂತ
ಕೆಟ್ಟ ಹತ್ತನ್ನು ಆರಿಸುವುದು ಸಲೀಸು ಅನ್ನಿಸಿತು.
ಇದರಲ್ಲೇನು ಸೋಜಿಗ? ಮೊರ ಹಿಡಿದು ಕೂತವರನ್ನು ಕೇಳಿ,
ಅಕ್ಕಿ ಆರಿಸುತ್ತಿದ್ದೇವೆ ಅನ್ನುತ್ತಾರೆ;
ಬೆರಳು ಆರಿಸುವುದು ಕಲ್ಲನ್ನು.
ಹೂವನ್ನೂ ಕೊಯ್ಯುತ್ತೇವೆ, ಕುರಿಯನ್ನೂ.
ಯಾವ ಬಾಯಲ್ಲಿ ನಾವು ಇಂಗ್ಲಿಷಿಗೆ ಬುದ್ಧಿ ಹೇಳೋಣ.

ಅದೇ ಡಬ್ಬಿಯಲ್ಲಿ ಇನ್ನೊಂದು ಕಾಗದ, ಟೈಪಾದದ್ದು, ಸರಕಾರದ್ದು.
ಕಾಲುಬಾಯಿ ಜ್ವರ ಬಂದ ವರ್ಷ. ಬಂದದ್ದು ಪಕ್ಕದ ಡಾರ್ಗ್ ಮನೆಯವರ ಹಟ್ಟಿಗೆ.
ಇವಳ ಮುನ್ನೂರ ಹನ್ನೆರಡರಲ್ಲಿ
ಒಂದರ ನಾಲಿಗೆಯ ಮೇಲೂ ಗುಳ್ಳೆಯಿರಲಿಲ್ಲ.
ಗೋಡೆ ಒಂದೇ ಆದ ಕಾರಣ
ಎಲ್ಲವನ್ನೂ ಕಲ್ ಮಾಡತಕ್ಕದ್ದು.
ಬಿಳಿಯ ಮೇಲಂಗಿಯಲ್ಲಿ ಬಂದ ವೈದ್ಯ ಇನ್ನೂ ಹುಡುಗ.
ಅವಳು ಕೇಳಿದ್ದು ಇಷ್ಟೆ:
ಎಲ್ಲವನ್ನೂ ಅಂದಮೇಲೆ ಆರಿಸುವ ಮಾತೆಲ್ಲಿ ಬಂತಪ್ಪ?
ಆತ ತನ್ನ ಬೂಟು ನೋಡಿಕೊಂಡ.
ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಸಿಕೊಂಡ, ಕಲಕಿದ,
ಕುಡಿಯಲಿಲ್ಲ.
ಮೂರು ಗಂಟೆಗೆ ಮುಗಿದಿತ್ತು. ಮರಿ ಹಾಕುವ ತಿಂಗಳು ಅದು.
ನಾಯಿ ಮೆಗ್ ನಾಲ್ಕು ದಿನ
ಇಲ್ಲದ ಮಂದೆಯನ್ನು ಮೂಲೆಗೆ ಒತ್ತುತ್ತಲೇ ಇತ್ತು.

ಈಗಿನವು ಆಮೇಲೆ ಕೊಂಡವುಗಳ ಮೊಮ್ಮಕ್ಕಳು.
ಯಾನ್, ಟಾನ್, ಟೆಥೆರ, ಮೆಥೆರ, ಪಿಂಪ್,
ಅವಳ ಅಜ್ಜ ಎಣಿಸಿದ ಹಾಗೇ ಎಣಿಸುತ್ತಾಳೆ.
ಮಧ್ಯಾಹ್ನದ ಹೊತ್ತಿಗೆ ಮೂರೇ ಹಲ್ಲಿನ ಒಂದು ಸಿಕ್ಕಿತು.
ಕಿವಿ ಹರಿದ ಮುದುಕಿ. ಅವಳ ಹೆಬ್ಬೆರಳು
ಆಗಲೇ ಭರಣಿಯಿಂದ ಮೇಲೆದ್ದಿತ್ತು, ಹಸಿಹಸಿ ಕೆಂಪು.
ಎಷ್ಟು ಹೊತ್ತು ಹಾಗೇ ನಿಂತಳೋ.
ನಡಿ ಅತ್ತ, ಎಂದು ಮಂಡಿ ಸಡಿಲಿಸಿದಳು.

ಕತೆ ಚೆಂದ ಮಾಡಲು ಅದು ಬದುಕಿತು ಅನ್ನಬಹುದು.
ಫೆಬ್ರವರಿಯಲ್ಲಿ ಗೋಡೆಯ ಬುಡದಲ್ಲಿ ಸತ್ತಿತ್ತು,
ಬಾಯಲ್ಲಿ ಅಗಿಯಲಾಗದ ಒಂದು ಎಸಳು ಹುಲ್ಲು.
ಅವಳು ಬೆರಳು ಒರೆಸಿದ್ದು ಗೇಟಿನ ಕಂಬಕ್ಕೆ.
ಗುರುತು ಮಾಸಿಲ್ಲ.
ಹಾದುಹೋಗುವ ಡಾರ್ಗ್ ಮನೆಯ ಹುಡುಗ ಕೇಳುತ್ತಾನೆ:
ಏನಜ್ಜಿ, ಕಂಬವನ್ನೂ ಸಂತೆಗೆ ಕಳಿಸುತ್ತೀಯಾ?